ಬಲಕ್ಕೆ ತಿರುಗಿದಾಗ ಕಿರಿಕಿರಿ

ಫೆಬ್ರವರಿ 3

ಬುಗುರಿಗೆ,

ನೀನು ಮನೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ರಾಜಿಗೆ ಬಂದಿದ್ದೇನೆ ಎಂದು ತಿಳಿಯಬೇಡ. ಕಾರಿನ ವಿಷಯ.

ಶಾಲೆಯಲ್ಲಿ ಒಂದು ಕಡೆ ಕೂರಲಾರದವಳು ಗ್ಯಾರೇಜಿನಲ್ಲಾದರೂ ನಿಂತಿದ್ದಾಳೆ ಎಂದು ನಿನ್ನ ಅಮ್ಮ ಹೇಳುತ್ತಾಳೆ. ನಿಂತದ್ದು ನಿಜವಾದರೆ ಇದಕ್ಕೆ ಉತ್ತರ ಹೇಳು. ಕಾರು ಬಲಕ್ಕೆ ತಿರುಗಿದಾಗ ಮುಂದೆ ಕಿರ್ ಕಿರ್ ಎನ್ನುತ್ತದೆ. ಎಡಕ್ಕೆ ತಿರುಗಿದರೆ ಇಲ್ಲ. ನೇರ ಓಡುವಾಗ ಇಲ್ಲ. ಕಲ್ಲಿನ ಕ್ವಾರಿ ಪಕ್ಕದ ಇಳಿಜಾರಿನ ತಿರುವಿನಲ್ಲಿ ಜಾಸ್ತಿ. ಇಲ್ಲಿನ ಮೆಕ್ಯಾನಿಕ್ ಕೆಳಗೆ ಬಗ್ಗಿಯೂ ನೋಡದೆ, ಇಡೀ ಸ್ಟೀರಿಂಗ್ ಬದಲಿಸಬೇಕು ಎಂದ. ಹೊಟ್ಟೆನೋವು ಎಂದು ಹೋದರೆ ಹೊಟ್ಟೆಯನ್ನೇ ಬದಲಿಸು ಎನ್ನುವ ಪೈಕಿ. ಅವನ ಕೈಗೆ ಕಾರು ಕೊಡಲು ಮನಸ್ಸಿಲ್ಲ.

ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೆ ಈ ಕಾರೇ ನನ್ನ ಕೆಲಸ. ನಮ್ಮ ಬೀದಿಯ ಮೂರು ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಡುತ್ತೇನೆ, ಸಂಜೆ ಕರೆತರುತ್ತೇನೆ. ಹೋಗುವಾಗ ದಾರಿಯಲ್ಲಿ ನಿನ್ನ ಅಮ್ಮನನ್ನು ಅವಳ ಟೈಲರಿಂಗ್ ಅಂಗಡಿಗೆ ಇಳಿಸುತ್ತೇನೆ. ಮಕ್ಕಳ ಮನೆಯವರು ಬಾಯಿ ತೆರೆಯುವ ಮೊದಲು ನನ್ನ ಬಳಿ ಉತ್ತರ ಇರಬೇಕು.

ಫೋನ್ ಮಾಡಬೇಡ. ಫೋನಿನಲ್ಲಿ ಅರ್ಧ ಮಾತಿಗೇ ಜಗಳ ತೆಗೆಯುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು.

ನಿನ್ನ ಅಪ್ಪ


ಫೆಬ್ರವರಿ 10

ಅಪ್ಪಾ,

ಬೇಡವೆಂದರೂ ಫೋನ್ ಮಾಡಿದೆ. ಮೂರು ಸಲ. ಮೂರು ಸಲವೂ ಅಮ್ಮನೇ ಎತ್ತಿದಳು, ಮೂರು ಸಲವೂ ನೀವು ಸ್ನಾನಕ್ಕೆ ಹೋಗಿದ್ದಿರಿ. ನನ್ನ ಅಪ್ಪ ಇಷ್ಟೊಂದು ಮಡಿವಂತರೆಂದು ಗೊತ್ತಿರಲಿಲ್ಲ. ಇರಲಿ, ಬರೆಯುತ್ತೇನೆ.

ಹೌದು, ಇಲ್ಲಿ ನಿಂತಿದ್ದೇನೆ. ಇಲ್ಲಿ ಯಾರೂ ಕೂರು ಎನ್ನುವುದಿಲ್ಲ, ಅದಕ್ಕೇ ನಿಲ್ಲುವುದಾಯಿತು. ಶಾಲೆಯಲ್ಲಿ ಪಾಠದ ನಡುವೆ, ಹೊರಗಿನ ಜನರೇಟರ್ ಸರಿಯಾಗಿ ಓಡುತ್ತಿಲ್ಲ ಎಂದು ಎದ್ದು ಹೋಗಿದ್ದಕ್ಕೆ ಬಾಗಿಲ ಹೊರಗೆ ನಿಲ್ಲಿಸಿದ್ದರು. ಇಲ್ಲಿ ಅದೇ ಕಿವಿಗೆ ಸಂಬಳ ಕೊಡುತ್ತಾರೆ.

ನಿಮ್ಮ ಪ್ರಶ್ನೆಯನ್ನು ನಮ್ಮ ಮೇಸ್ತ್ರಿಗೆ ಓದಿ ಹೇಳಿದೆ. "ಕಾರು ಸುಳ್ಳು ಹೇಳಲ್ಲ ಕಣೇ, ಅದರ ಯಜಮಾನ ಹೇಳ್ತಾನೆ. ಮೊದಲು ಕಾರಿನ ಮಾತು ಕೇಳು" ಎಂದರು. ತಿರುಗಿಸುವಾಗ ಗುಂಯ್ ಎಂದು ಗೋಳಿಟ್ಟರೆ ಸ್ಟೀರಿಂಗಿನ ಆಯಿಲ್ ಕಡಿಮೆಯಾಗಿದೆ ಎಂದರ್ಥ. ಪೂರ್ತಿ ತಿರುಗಿಸಿ ಎಕ್ಸಿಲೇಟರ್ ಒತ್ತಿದಾಗ ಕಟಕಟ ಎಂದರೆ ಆಕ್ಸಲ್ ತುದಿಯ ಜಾಯಿಂಟ್ ಸವೆದಿದೆ. ಲೊಟಕ್ ಎಂದು ಒಂದೇ ಪೆಟ್ಟು ಬಂದರೆ ಮಾತ್ರ ಕಾರನ್ನು ಅಲ್ಲೇ ನಿಲ್ಲಿಸಬೇಕು, ಏಕೆಂದರೆ ಅದು ಚಕ್ರವನ್ನು ಹಿಡಿದಿರುವ ಬಾಲ್ ಜಾಯಿಂಟ್. ಅದು ಕಳಚಿದರೆ ಚಕ್ರ ಒಂದು ದಾರಿ, ಕಾರು ಇನ್ನೊಂದು ದಾರಿ.

ನಿಮ್ಮದು ಕಿರ್ ಕಿರ್. ಇವುಗಳಲ್ಲೆಲ್ಲ ಅದೇ ಸಾಧು. ಒಣಗಿದ ಬಾಗಿಲ ಕೀಲಿನ ಹಾಗೆ. ಮುಂದಿನ ಸ್ಪ್ರಿಂಗಿನ ಮೇಲ್ತುದಿಯ ರಬ್ಬರ್ ಒಣಗಿದೆ ಅಷ್ಟೆ. ಎಂಜಿನ್ ಆರಿಸಿ, ನಿಂತಲ್ಲೇ ಅಮ್ಮನಿಗೆ ಸ್ಟೀರಿಂಗ್ ತಿರುಗಿಸಲು ಹೇಳಿ, ಬಾನೆಟ್ ಎತ್ತಿ ಕಿವಿ ಕೊಡಿ. ಸ್ಪ್ರಿಂಗಿನ ಮೇಲಿಂದ ಕಿರ್ ಎಂದರೆ ಅಲ್ಲಿಗೆ ಸ್ವಲ್ಪ ಎಣ್ಣೆ ಬಿಡಿ. ಹೆದರಬೇಕಾದ್ದೇನೂ ಇಲ್ಲ. ಮಕ್ಕಳನ್ನು ಕೂರಿಸಿಕೊಂಡೇ ಓಡಿಸಬಹುದು. ನಾನು ಹೇಳುತ್ತಿದ್ದೇನೆ.

ಬುಗುರಿ


ಫೆಬ್ರವರಿ 19

ಬುಗುರಿಗೆ,

ನೀನು ಹೇಳಿದಂತೆ ಮಾಡಿದೆ. ನಿನ್ನ ಅಮ್ಮ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದಳು, ಅವಳ ತೋಳೇ ಬಿದ್ದುಹೋಯಿತಂತೆ. ನಾನು ಬಾನೆಟ್ಟಿನೊಳಗೆ ತಲೆ ಇಟ್ಟು ಕೇಳಿದೆ. ಏನೂ ಇಲ್ಲ. ಆದರೂ ಎಣ್ಣೆ ಬಿಟ್ಟೆ.

ನಿನ್ನ ಕಾಗದವನ್ನು ಮೂರೂ ಮನೆಗೆ ಒಯ್ದು ಓದಿ ಹೇಳಿದೆ. ಮಕ್ಕಳು ಕಾರು ಶಬ್ದ ಮಾಡುತ್ತೆ ಎಂದು ಮನೆಯಲ್ಲಿ ಹೇಳಿದ್ದವಂತೆ, ಅವರಿಗೂ ಅನುಮಾನ ಶುರುವಾಗಿತ್ತು. ಮೂಲೆಮನೆಯ ನರ್ಸಮ್ಮ, "ಸ್ವಂತ ಮಗಳು ಇಷ್ಟು ಗಟ್ಟಿಯಾಗಿ ಬರೆದಿದ್ದಾಳೆ ಅಂದ್ಮೇಲೆ ಇನ್ನೇನು ಬಿಡಿ" ಎಂದರು. ಈ ಬೀದಿಯಲ್ಲಿ ನಿನ್ನ ಮಾತನ್ನು ಜನ ಒಳ್ಳೆಯದಕ್ಕೆ ಎತ್ತಿ ಬಹಳ ಕಾಲವಾಗಿತ್ತು. ಕಾಗದವನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದೇನೆ.

ನಿನ್ನ ಅಮ್ಮ ಮಾತ್ರ ಇನ್ನೂ ಕಿರಿಕಿರಿ ಎನ್ನುತ್ತಾಳೆ. ಮುಂದಿನ ಸೀಟು ಬಿಟ್ಟು ಹಿಂದೆ ಮಕ್ಕಳ ಜೊತೆ ತುರುಕಿಕೊಂಡು ಕೂರುತ್ತಾಳೆ. ಕಾಲಡಿ ಇರುವೆಗೂಡು ಇದ್ದವರ ಹಾಗೆ ಆಡುತ್ತಾಳೆ. ಅವಳದು ಯಾವಾಗಲೂ ಇದ್ದದ್ದೇ.

ನಿನ್ನ ಅಪ್ಪ


ಫೆಬ್ರವರಿ 24

ಅಪ್ಪಾ,

ಈ ಕಾಗದ ಓದಿ ಮುಗಿಸುವವರೆಗೆ ಕಾರು ತೆಗೆಯಬೇಡಿ.

ನಿಮ್ಮ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಮೊದಲನೆಯದರಲ್ಲಿ ಕಾರು ಕಿರ್ ಕಿರ್ ಎನ್ನುತ್ತದೆ ಎಂದು ಬರೆದಿದ್ದೀರಿ. ಎರಡನೆಯದರಲ್ಲಿ ಅಮ್ಮ ಕಿರಿಕಿರಿ ಎನ್ನುತ್ತಾಳೆ ಎಂದಿದ್ದೀರಿ. ಎರಡೂ ಒಂದೇ ಅಲ್ಲ. ಒಂದು ಕಾರು ಮಾಡುವ ಶಬ್ದ, ಇನ್ನೊಂದು ಮನುಷ್ಯರಿಗೆ ಆಗುವ ಸಂಕಟ. ನಾನು ಚಿಕಿತ್ಸೆ ಹೇಳಿದ್ದು ಶಬ್ದಕ್ಕೆ.

ಒಣಗಿದ ರಬ್ಬರ್ ಆಗಿದ್ದರೆ ನಿಂತಲ್ಲೇ ತಿರುಗಿಸಿದಾಗ ಕೇಳಲೇಬೇಕು. ನಿಮಗೆ ಏನೂ ಕೇಳಲಿಲ್ಲ. ಹಾಗಾದರೆ ನಾನು ಊಹಿಸಿದ್ದು ತಪ್ಪು, ಇಲ್ಲವೇ ನಿಮಗೆ ಕೇಳಿಸಲಿಲ್ಲ. ಬಲಕ್ಕೆ ತಿರುಗಿದಾಗ ಕಾರಿನ ಭಾರವೆಲ್ಲ ಎಡ ಮುಂಚಕ್ರದ ಮೇಲೆ ಬೀಳುತ್ತದೆ. ಅಮ್ಮ ಕೂರುತ್ತಿದ್ದದ್ದು ಸರಿಯಾಗಿ ಆ ಚಕ್ರದ ಹಿಂದೆ. ಅವಳು ಅಲ್ಲಿಂದ ಎದ್ದು ಹೋಗಿದ್ದಾಳೆ ಎಂದರೆ ಇರುವೆಗೂಡನ್ನು ನಾವು ನೋಡಬೇಕಲ್ಲವೇ?

ನೇರವಾಗಿ ಕೇಳುತ್ತೇನೆ, ಸಿಟ್ಟಾದರೆ ಆಗಿ. ಆ ಕಿರ್ ಕಿರ್ ಅನ್ನು ನಿಮ್ಮ ಕಿವಿಯಿಂದ ನೀವು ಕೇಳಿದ್ದೀರಾ? ಒಂದೇ ಒಂದು ಸಲ?

ಫೆಬ್ರವರಿ ಹತ್ತರ ನನ್ನ ಕಾಗದವನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಕಾರನ್ನು ಕಣ್ಣಿಂದ ನೋಡದೆ ಓಡಿಸಬಹುದು ಎಂದು ಬರೆದದ್ದು ನನ್ನ ಕೊಬ್ಬು. ಅದನ್ನು ಓದಿ ಹೇಳಿದ ಮೂರು ಮನೆಗೂ ಇದನ್ನೂ ಓದಿ ಹೇಳಿ.

ಈ ಹೊತ್ತು ಅಮ್ಮನಿಗೆ ಫೋನ್ ಮಾಡಿ, "ಬಲಕ್ಕೆ ತಿರುಗಿದಾಗ ನಿಂಗೆ ನಿಜವಾಗ್ಲೂ ಏನಾಗುತ್ತಮ್ಮಾ?" ಎಂದು ಕೇಳಿದೆ. "ಬರೀತೀನಿ" ಎಂದು ಇಟ್ಟುಬಿಟ್ಟಳು. ನಮ್ಮ ಮನೆಯಲ್ಲಿ ಯಾಕೆ ಎಲ್ಲರೂ ಬರೆಯಲು ಹೊರಟಿದ್ದೀರಿ?

ಬುಗುರಿ


ಫೆಬ್ರವರಿ 28

ಬುಗುರಿಗೆ,

ಬಸ್ಸಿನ ಎಂಜಿನ್ ಪಕ್ಕದಲ್ಲಿ ಕೂತು ನಿನಗೆ ಅನ್ನ ಹಾಕಿದವನು ನಾನು. ಗೇರ್ ಬಾಕ್ಸಿನ ದನಿ ಕೇಳಿಯೇ ಏರು ಎಷ್ಟಿದೆ ಹೇಳುತ್ತಿದ್ದೆ. ನಿನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವಳು ನನ್ನ ಕಿವಿಯ ಪರೀಕ್ಷೆ ಮಾಡುತ್ತೀಯ?

ಮಾತು ಕೊಡುವುದು, ಆಮೇಲೆ ವಾಪಸ್ ಎನ್ನುವುದು. ಪರೀಕ್ಷೆಗೆ ಕೂರುತ್ತೇನೆ ಎಂದು ಫೀಸು ಕಟ್ಟಿಸಿ ಎದ್ದು ಹೋದವಳಿಗೆ ಇದು ಹೊಸದೇನಲ್ಲ. ನಿನ್ನ ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ. ಹೇಳುವುದೂ ಇಲ್ಲ. ಒಮ್ಮೆ ಸಾಧು ಎಂದದ್ದು ಹದಿನೈದು ದಿನದಲ್ಲಿ ಕೊಲೆಗಡುಕ ಆಗುವುದಿಲ್ಲ.

ಕಾರು ಚೆನ್ನಾಗಿದೆ. ಈ ವಿಷಯ ಇಲ್ಲಿಗೆ ಮುಗಿಯಿತು.

ಅಪ್ಪ


ಮಾರ್ಚ್ 1

ಪುಟ್ಟಾ,

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕಾದರೆ ಹೊಲಿಗೆ ಯಂತ್ರದ ಮೇಜಿನದ್ದು ತಪ್ಪು. ನೀನು ಫೋನ್ ಮಾಡಿದಾಗ ನಿಮ್ಮಪ್ಪ ಎದುರಿಗೇ ಕೂತಿದ್ದರು. ಮಾತಾಡಬಹುದಿತ್ತು, ಅವರಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಇಟ್ಟುಬಿಟ್ಟೆ. ಒಬ್ಬರ ಎದುರಿಗೇ ಅವರ ಬಗ್ಗೆ ಮಾತಾಡುವುದು, ಅವರು ಅದಕ್ಕೆ ತಲೆ ಎತ್ತಿಯೂ ನೋಡದಿರುವುದು, ನನಗೆ ಆಗುವುದಿಲ್ಲ.

ನೀನು ಕೇಳಿದ್ದು ಸರಿ. ಅವರು ನಿನಗೆ ಮೊದಲ ಕಾಗದ ಬರೆದ ದಿನ ಬೆಳಿಗ್ಗೆ ನಾನು, "ರೀ, ಬಲಕ್ಕೆ ತಿರುಗಿದಾಗ ನಂಗೆ ಒಂಥರಾ ಕಿರಿಕಿರಿ ಆಗುತ್ತೆ, ಒಂದ್ಸಲ ತೋರಿಸಿ" ಅಂದೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ, "ಏನು, ಕಿರ್ ಕಿರ್ ಅನ್ನುತ್ತಾ?" ಅಂದರು. ನಾನು ಹೂಂ ಅಂದುಬಿಟ್ಟೆ. ಈಗೀಗ ಎರಡನೇ ಸಲ ಹೇಳಿದರೆ ಅವರಿಗೆ ರೇಗುತ್ತದೆ. ಮೂರನೇ ಸಲ ಹೇಳಿದರೆ ಊಟ ಬಿಡುತ್ತಾರೆ. ಹೂಂ ಅನ್ನುವುದೇ ಸುಲಭವಾಗಿದೆ. ಎಷ್ಟಕ್ಕೆ ಹೂಂ ಅಂದಿದ್ದೇನೋ ನನಗೇ ಲೆಕ್ಕವಿಲ್ಲ.

ಅದು ಕಿರ್ ಕಿರ್ ಅಲ್ಲವೇ ಅಲ್ಲ. ಬಲಕ್ಕೆ ತಿರುಗಿದಾಗ ನನ್ನ ಪಾದದ ಕೆಳಗೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗಾಗುತ್ತದೆ. ಒಂದೇ ಪೆಟ್ಟು. ಆಮೇಲೆ ಕಾರು ಒಂದು ಗಳಿಗೆ ಯಾವ ಕಡೆ ಹೋಗಲಿ ಎಂದು ಯೋಚಿಸುತ್ತದೆ. ಮೊದಲು ಪೆಟ್ಟು ಮಾತ್ರ ಇತ್ತು, ಈ ಯೋಚನೆ ಹೊಸದು. ಕ್ವಾರಿ ತಿರುವಿನಲ್ಲಿ ಮಕ್ಕಳು ಅದಕ್ಕೆ ಸರಿಯಾಗಿ ನಾಲಿಗೆಯಿಂದ ಲೊಟಕ್ ಅನ್ನಿಸಿ ನಗುತ್ತವೆ. ಕನ್ನಡಿಯಲ್ಲಿ ಮಕ್ಕಳು ನಗುವುದು ಕಂಡು ಇವರೂ ನಗುತ್ತಾರೆ.

ಇನ್ನೊಂದು ವಿಷಯ. ಹಿಂದಿನ ಗಾಡಿಯವರು ಹಾರನ್ ಹೊಡೆದರೆ ನಾನು ಸುಮ್ಮನೆ ಇವರ ತೋಳು ಮುಟ್ಟುತ್ತೇನೆ, ಹಿಂದಿನ ಸೀಟಿಗೆ ಹೋದ ಮೇಲೂ. ಇವರು ಪಕ್ಕಕ್ಕೆ ಸರಿಯುತ್ತಾರೆ. ಒಂದು ವರ್ಷದಿಂದ ಹೀಗೆ. ಇಬ್ಬರೂ ಆ ಮಾತು ಎತ್ತಿಲ್ಲ. ಆದರೆ ಅಂಗಡಿ ಮೊದಲು ಸಿಗುತ್ತದೆ, ಶಾಲೆ ಆಮೇಲೆ. ನಾನು ಇಳಿದ ಮೇಲೆ ಯಾರು ಮುಟ್ಟುತ್ತಾರೆ?

ನನ್ನನ್ನು ಬೈಯಬೇಡ. ಬೈದರೂ ಸರಿ, ಏನು ಮಾಡಲಿ ಹೇಳು.

ಅಮ್ಮ


ಮಾರ್ಚ್ 5

ಅಪ್ಪಾ,

ಅಮ್ಮನಿಗೆ ಫೋನ್ ಮಾಡಿ ಕಾರಿನ ಕೀ ತೆಗೆದಿಡಲು ಹೇಳಿದವಳು ನಾನು. ಅವಳ ಮೇಲೆ ರೇಗಬೇಡಿ. ರೇಗಲು ನಾನಿದ್ದೇನೆ, ದೂರವೂ ಇದ್ದೇನೆ.

ಅದು ಕಿರ್ ಕಿರ್ ಅಲ್ಲ. ಲೊಟಕ್. ಯಾವುದು ಬಂದರೆ ಕಾರನ್ನು ಅಲ್ಲೇ ನಿಲ್ಲಿಸಿ ಎಂದಿದ್ದೆನೋ ಅದೇ. ಅಮ್ಮ ಬರೆದದ್ದನ್ನು ಮೇಸ್ತ್ರಿಗೆ ಓದಿ ಹೇಳಿದಾಗ ಅವರು ಬಾಯಲ್ಲಿದ್ದ ಚಹಾ ನುಂಗಲಿಲ್ಲ. "ಕಾರು ಯೋಚನೆ ಮಾಡ್ತಿದೆ ಅಂತ ಬರೆದಿದ್ದಾರಾ? ಹಾಗಂದ್ರೆ ಅದರ ಯೋಚನೆ ಮುಗೀತಾ ಬಂದಿದೆ ಅಂತ ತಿಳ್ಕೋ" ಎಂದರು.

ನನ್ನನ್ನು ನಂಬಬೇಡಿ. ನಿಮ್ಮ ಕೈಯನ್ನು ನಂಬಿ. ಎಡ ಮುಂಚಕ್ರ ನೆಲ ಬಿಡುವಷ್ಟು ಜಾಕ್ ಎತ್ತಿ. ಚಕ್ರದ ಮೇಲ್ತುದಿಗೆ ಒಂದು ಕೈ, ಕೆಳತುದಿಗೆ ಒಂದು ಕೈ. ಮೇಲೆ ತಳ್ಳಿ, ಕೆಳಗೆ ಎಳೆಯಿರಿ. ಸಡಿಲು ಹಲ್ಲಿನಂತೆ ಅಲ್ಲಾಡಿದರೆ, ಅಮ್ಮನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಚಕ್ರದ ಬೇರಿಂಗ್ ಸವೆದಿದೆ, ಅದೂ ಕೆಟ್ಟದ್ದೇ, ಆದರೆ ಸಮಯ ಕೊಡುತ್ತದೆ. ಬ್ರೇಕ್ ಒತ್ತಿದರೂ ಅಲ್ಲಾಡುತ್ತಿದ್ದರೆ ಬಾಲ್ ಜಾಯಿಂಟ್. ಇದಕ್ಕೆ ಕಿವಿ ಬೇಕಾಗಿಯೇ ಇಲ್ಲ.

ಇದೇ ಅಂಚೆಯಲ್ಲಿ ಮೂರೂ ಮನೆಗೆ ಬರೆದಿದ್ದೇನೆ. ನನ್ನ ಮೊದಲ ಕಾಗದ ತಪ್ಪು, ಮಕ್ಕಳನ್ನು ಈ ಕಾರಿನಲ್ಲಿ ಕಳಿಸಬೇಡಿ ಎಂದು. ನೀವು ನನ್ನ ಮುಖ ನೋಡುವುದಿಲ್ಲ ಎಂದು ಗೊತ್ತಿದ್ದೇ ಬರೆದೆ. ಕಾರಿನ ವಿಷಯ ಮಾತ್ರ ಬರೆದಿದ್ದೇನೆ. ಇನ್ನೊಂದು ವಿಷಯ ಬರೆದಿಲ್ಲ. ಅದು ನಿಮ್ಮ ಬಾಯಿಂದ ಬರಬೇಕಾದದ್ದು.

ಬುಗುರಿ


ಮಾರ್ಚ್ 11

ಬುಗುರಿಗೆ,

ನಿನ್ನ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಮೂರೂ ಮನೆಯವರು ನಮ್ಮ ಗೇಟಿನ ಮುಂದೆ ನಿಂತಿದ್ದರು, ತಮ್ಮ ತಮ್ಮ ಕಾಗದ ಹಿಡಿದುಕೊಂಡು. ಬೀದಿಯಲ್ಲಿ ಮಾನ ಕಳೆಯುವುದಕ್ಕೂ ಒಂದು ಅಚ್ಚುಕಟ್ಟು ಬೇಕು, ಅದು ನಿನಗಿದೆ.

ನೀನು ಬರೆದದ್ದು ಸುಳ್ಳು ಎಂದು ತೋರಿಸಲು ಅವರೆದುರೇ ಜಾಕ್ ಹಚ್ಚಿದೆ. ಮಕ್ಕಳು ಶಾಲೆಯ ಬ್ಯಾಗು ಹೊತ್ತುಕೊಂಡೇ ನೋಡುತ್ತಿದ್ದವು. ನಿನ್ನ ಅಮ್ಮ ಬ್ರೇಕ್ ಒತ್ತಿ ಕೂತಳು. ನಾನು ಮಂಡಿಯೂರಿ ಚಕ್ರ ಹಿಡಿದೆ. ಒಮ್ಮೆ ತಳ್ಳಿ ಎಳೆದೆ.

ಎಲ್ಲರ ಮುಖವೂ ಒಟ್ಟಿಗೆ ಚಕ್ರದ ಕಡೆ ತಿರುಗಿತು. ನನ್ನ ಕೈಗೆ ತಿಳಿಯುವ ಮೊದಲೇ ಅವರ ಮುಖದಲ್ಲಿ ನನಗೆ ತಿಳಿಯಿತು.

ಆಮೇಲೆ ಕೈಗೂ ತಿಳಿಯಿತು. ಬ್ರೇಕ್ ಒತ್ತಿದ್ದರೂ ಚಕ್ರ ಅಲ್ಲಾಡುತ್ತಿತ್ತು. ಕೆಳಗೆ ಬಗ್ಗಿ ನೋಡಿದೆ. ಜಾಯಿಂಟಿನ ರಬ್ಬರ್ ಹರಿದು ನೇತಾಡುತ್ತಿದೆ. ನರ್ಸಮ್ಮ ಏನೋ ಹೇಳಿದರು. ನಾನು ತಲೆಯಾಡಿಸಿದೆ. ಅವರು ಮತ್ತೆ ಹೇಳಿದರು. ಮತ್ತೆ ತಲೆಯಾಡಿಸಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಮಗುವಿನ ಕೈ ಹಿಡಿದು ಹೋದರು. ಅವರು ಕೇಳಿದ್ದು ಏನೆಂದು ನಿನ್ನ ಅಮ್ಮನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿನವನ ಕೈಗೆ ಕಾರು ಕೊಡುವುದಿಲ್ಲ. ಹೊಸ ಜಾಯಿಂಟ್ ತಂದು ನೀನೇ ಹಾಕು.

ಅಪ್ಪ


ಮಾರ್ಚ್ 27

ಅಪ್ಪಾ,

ನಿಮ್ಮ ಹಳೆಯ ಜಾಯಿಂಟ್ ಈಗ ನಮ್ಮ ಮೇಸ್ತ್ರಿಯ ಮೇಜಿನ ಮೇಲಿದೆ. ಅದರ ಗುಂಡು ಎರಡು ಬೆರಳಿನಲ್ಲೇ ಬುಗುರಿಯಂತೆ ತಿರುಗುತ್ತದೆ. ಹೊಸದನ್ನು ತಿರುಗಿಸಲು ಇಡೀ ಮುಷ್ಟಿ ಬೇಕು. "ನಿಮ್ಮಪ್ಪನ್ನ ಯಾವುದೋ ಪುಣ್ಯ ಕಾಯ್ತು" ಎಂದರು. ಪುಣ್ಯ ಅಲ್ಲ, ಅಮ್ಮನ ಪಾದ ಎಂದೆ.

ಜಾಯಿಂಟ್ ಹಾಕಲು ಬಂದು ಮನೆಯಲ್ಲಿದ್ದಷ್ಟು ದಿನವೂ ನಾವು ಕಾರಿನ ಮಾತು ಬಿಟ್ಟು ಬೇರೆ ಆಡಲಿಲ್ಲ. ಕೆಲಸ ಚೆನ್ನಾಗಿ ನಡೆಯಿತು. ನಾನು ಕೈ ಚಾಚುವ ಮೊದಲೇ ಬೇಕಾದ ಸ್ಪ್ಯಾನರ್ ನಿಮ್ಮಿಂದ ಬರುತ್ತಿತ್ತು. ಇಷ್ಟು ಒಳ್ಳೆಯ ಜೊತೆಗಾರ ನನಗೆ ಗ್ಯಾರೇಜಿನಲ್ಲೂ ಸಿಕ್ಕಿಲ್ಲ. ಆ ಒಂದು ಗಳಿಗೆ ಇಲ್ಲದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ಅಷ್ಟು ಹಿತವಾಗಿತ್ತು.

ಆದರೆ ಆ ಗಳಿಗೆ ಬಂತು. ಕಾರಿನಡಿ ಆಸರೆಗೆ ಕೊಟ್ಟಿದ್ದ ಸ್ಟ್ಯಾಂಡ್ ತೆಗೆದಾಗಿತ್ತು. ಚಕ್ರ ಕೂರಿಸಲು ಕಾರು ಸ್ವಲ್ಪ ಎತ್ತರವಾಯಿತೆಂದು, ಒಂದಿಷ್ಟು ಇಳಿಸಲು ನೀವು ಜಾಕಿನ ಹಿಡಿ ಹಿಡಿದು ಕಾಯುತ್ತಿದ್ದಿರಿ. ನನಗೆ ಜಾಯಿಂಟಿನ ನಟ್ಟಿಗೆ ಪಿನ್ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ತಟ್ಟನೆ ಮತ್ತೆ ಕೆಳಗೆ ನುಗ್ಗಿದೆ. ಸ್ಟ್ಯಾಂಡ್ ಇಲ್ಲದ ಕಾರಿನ ಕೆಳಗೆ ನುಗ್ಗಿದ್ದು ನನ್ನ ತಪ್ಪು. ಮೇಸ್ತ್ರಿಗೆ ಹೇಳಿದ್ದೇನೆ, ಕೊಡಬೇಕಾದ್ದನ್ನು ಅವರು ಕೊಟ್ಟಿದ್ದಾರೆ. ಕೆಳಗಿಂದ ನಾನು ಕೂಗಿದೆ: "ಅಪ್ಪಾ, ಈಗ್ಲೇ ಇಳಿಸಬೇಡಿ!"

ನೀವು ಇಳಿಸಿದಿರಿ.

ನನ್ನ ಪಕ್ಕದಲ್ಲೇ ಕಾರಿನಡಿ ಮಲಗಿಸಿಟ್ಟಿದ್ದ ಸ್ಟೆಪ್ನಿ ಚಕ್ರದ ಮೇಲೆ ಕಾರು ಧಡ್ ಎಂದು ಕೂತಿತು. ನನ್ನ ಎದೆಗೂ ಕಾರಿನ ತಳಕ್ಕೂ ನಡುವೆ ಒಂದು ಗೇಣು ಉಳಿಯಿತು. ಅಮ್ಮ ಕಿರುಚಿದಳು. ನೀವು ತಿರುಗಿದ್ದು ಅವಳ ಕಿರುಚಾಟಕ್ಕಲ್ಲ, ಅವಳು ನಿಮ್ಮ ಅಂಗಿ ಎಳೆದದ್ದಕ್ಕೆ.

ನಾನು ಹೊರಗೆ ಬಂದ ಮೇಲೆ ನೀವು ಹೇಳಿದ ಮಾತು ನೆನಪಿದೆಯೇ? "ನೀನೇ ತಾನೆ ಇಳಿಸಿ ಅಂದಿದ್ದು." ನಾನು, "ಇಳಿಸಬೇಡಿ ಅಂದೆ" ಎಂದೆ. ನೀವು, "ಇಲ್ಲ, ಇಳಿಸಿ ಅಂದೆ" ಎಂದಿರಿ. ನಮ್ಮ ಮಾತಿನಲ್ಲಿ ಬೇಡ ಎನ್ನುವುದು ಕೊನೆಗೆ ಬರುತ್ತದೆ ಅಪ್ಪಾ. ನಿಮಗೆ ಕೊನೆ ತಲುಪುತ್ತಿಲ್ಲ.

ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನೀವು, "ಕಾರು ಸರಿಯಾಯ್ತಲ್ಲ, ಆ ಮೂರು ಮನೆಗೂ ಎರಡು ಸಾಲು ಬರೆದುಬಿಡು" ಎಂದಿರಿ. ಊರು ತಲುಪಿ ಬರೆಯುತ್ತೇನೆ ಎಂದೆ. ಬರೆಯಲು ಎಷ್ಟು ಸಲ ಕೂತೆನೋ. ಎಡ ಮುಂಚಕ್ರದ ಬಾಲ್ ಜಾಯಿಂಟ್ ಹೊಸದು, ಅಲೈನ್‌ಮೆಂಟ್ ಮಾಡಿಸಿದೆ, ಕಾರು ಗಟ್ಟಿಯಾಗಿದೆ. ಇಷ್ಟನ್ನು ಎದೆ ತಟ್ಟಿ ಬರೆಯಬಲ್ಲೆ. ಮಕ್ಕಳನ್ನು ನಿಮ್ಮ ಜೊತೆ ಕಳಿಸಿ ಎಂದು ಬರೆಯಲಾರೆ.

ಹಾಗೆ ಬರೆಯದೆ ಬರೀ ಕಾರಿನ ವಿಷಯ ಬರೆದರೂ ಸುಳ್ಳೇ. ಅವರು ಅದನ್ನು ಓದಿ ಮಕ್ಕಳನ್ನು ಕಳಿಸಿಬಿಡುತ್ತಾರೆ.

ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿ. ಮೂರೂ ಮನೆಗೆ ನೀವೇ ಹೇಳಿ. ಏಪ್ರಿಲ್ ಅರ್ಧದೊಳಗೆ ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಬೆದರಿಕೆ ಎಂದುಕೊಂಡರೆ ಬೆದರಿಕೆ. ಆ ಮೇಲೆ ನೀವು ನನಗೆ ಬರೆಯುವುದಿಲ್ಲ ಎಂದು ಗೊತ್ತು. ನೀವು ಬರೆಯಲು ಶುರುಮಾಡಿದ ಮೇಲೆ ನಾನು ದಿನಾ ಅಂಚೆಯವನ ದಾರಿ ಕಾಯುತ್ತೇನೆ ಎಂದು ನಿಮಗೆ ಗೊತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬುಗುರಿ


ಏಪ್ರಿಲ್ 14

ಬುಗುರಿಗೆ,

ನೀನು ಕಾಯುತ್ತಿರುವುದನ್ನು ಮೊದಲು ಹೇಳುತ್ತೇನೆ. ಮೂರೂ ಮನೆಗೆ ನಿನ್ನೆ ಹೋಗಿ ಬಂದೆ. ನನಗೆ ಕಿವಿ ಕೇಳುವುದಿಲ್ಲ, ಮಕ್ಕಳಿಗೆ ಬೇರೆ ಗಾಡಿ ನೋಡಿಕೊಳ್ಳಿ ಎಂದೆ. ಒಬ್ಬರು ಕೂರಿಸಿ ಚಹಾ ಕೊಟ್ಟರು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೂಗಾಡಿದರು. ಅದು ಚೆನ್ನಾಗಿಯೇ ಕೇಳಿಸಿತು. ನರ್ಸಮ್ಮ ಮಾತ್ರ ನಿಧಾನವಾಗಿ, ನನ್ನ ಮುಖ ನೋಡುತ್ತಾ, ಅಂದು ಗೇಟಿನ ಮುಂದೆ ಕೇಳಿದ್ದನ್ನೇ ಮತ್ತೆ ಕೇಳಿದರು: "ನಾನು ಹೇಳ್ತಿರೋದು ನಿಮಗೆ ಕೇಳಿಸ್ತಿದೆಯಾ?" ಎರಡು ಸಲ ತಲೆಯಾಡಿಸಿದ್ದೆನಲ್ಲ ಆಗ, ಅದಕ್ಕೆ.

ಕಾರಿಗೆ ಹೊದಿಕೆ ಹಾಕಿದ್ದೇನೆ. ಬೆಳಿಗ್ಗೆ ಏಳುತ್ತೇನೆ, ಶೂ ಹಾಕುತ್ತೇನೆ, ಆಮೇಲೆ ಬಿಚ್ಚುತ್ತೇನೆ. ನಿನ್ನ ಮೇಲೆ ಸಿಟ್ಟಿದೆ. ಕಡಿಮೆಯಾದಾಗ ಹೇಳುತ್ತೇನೆ.

ಇನ್ನು ಆಸ್ಪತ್ರೆ. ಇದನ್ನು ನಿನ್ನ ಅಮ್ಮನಿಗೆ ಹೇಳಿಲ್ಲ.

ಒಂದು ಚಿಕ್ಕ ಕೋಣೆ, ಗೋಡೆಗೆಲ್ಲ ಸ್ಪಂಜು. ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿದರು, ಕೈಗೆ ಒಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ಗಾಜಿನ ಆಚೆ ನಿನ್ನ ವಯಸ್ಸಿನ ಒಬ್ಬಳು ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ಮೊದಲಿಗೆ ಒಂದೆರಡು ಕೇಳಿಸಿತು, ಒತ್ತಿದೆ. ಆಮೇಲೆ ಏನೂ ಇಲ್ಲ. ಆದರೆ ಶಬ್ದ ಬಿಡುವ ಮೊದಲು ಆ ಹುಡುಗಿಯ ಗಲ್ಲ ತುಸು ಕೆಳಗಿಳಿಯುವುದನ್ನು ನಾನು ಕಂಡುಕೊಂಡಿದ್ದೆ. ಎದುರು ಬರುವ ಗಾಡಿಯವನು ಎತ್ತ ತಿರುಗುತ್ತಾನೆಂದು ಅವನ ತಲೆ ನೋಡಿಯೇ ಹೇಳುವವನು ನಾನು, ಇದೇನು ಮಹಾ. ಗಲ್ಲ ಇಳಿದಾಗಲೆಲ್ಲ ಒತ್ತಿದೆ. ಒಂದೂ ತಪ್ಪಲಿಲ್ಲ. ಅವಳು ಖುಷಿಯಾಗಿ ಬರೆದುಕೊಳ್ಳುತ್ತಿದ್ದಳು. ಅವಳು ಬರೆದುಕೊಡುವ ಚೀಟಿಯನ್ನು ನಿನ್ನ ಮುಖಕ್ಕೆ ಹಿಡಿಯಬಹುದು ಎಂದುಕೊಂಡೆ.

ಆಗ ಆ ಧಡ್ ನೆನಪಾಯಿತು. ಸ್ಟೆಪ್ನಿ ಮೇಲೆ ಕಾರು ಕೂತದ್ದು. ಅದೂ ನನಗೆ ಕೇಳಿಸಿರಲಿಲ್ಲ ಬುಗುರಿ. ಧಡ್ ಎಂದಿತು ಎಂದು ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು. ನನಗೆ ಗೊತ್ತಿದ್ದದ್ದು ಜಾಕಿನ ಹಿಡಿ ಕೈಯಲ್ಲಿ ಹಗುರವಾದದ್ದು ಅಷ್ಟೆ.

ಗಾಜು ತಟ್ಟಿ, ಅಷ್ಟನ್ನೂ ಹೊಡೆದುಹಾಕಿ ಮೊದಲಿಂದ ಮಾಡಮ್ಮಾ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಅವಳಿಗೆ ಬೆನ್ನು ಹಾಕಿ ಕೂತೆ. ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕಾದೆ. ಒಂದೆರಡು ಸಲ ಒತ್ತಿದೆ. ಆಮೇಲೆ ಸುಮ್ಮನೆ ಕಾದೆ. ಯಂತ್ರ ಕೆಟ್ಟಿರಬೇಕು, ಸರಿಮಾಡುತ್ತಿದ್ದಾಳೆ ಎಂದುಕೊಂಡೆ. ಸ್ಪಂಜಿನ ತೂತುಗಳನ್ನು ನೋಡುತ್ತಾ ಕೂತೆ.

ಬಹಳ ಹೊತ್ತಾದ ಮೇಲೆ ಅವಳು ಒಳಗೆ ಬಂದು ನನ್ನ ಎದುರಿಗೆ ನಿಂತು, ಹೆಡ್‌ಫೋನ್ ತೆಗೆದಳು. "ಶುರು ಮಾಡ್ತೀಯಾಮ್ಮಾ?" ಎಂದೆ.

ಮುಗಿದಿತ್ತಂತೆ.

ನಿನ್ನ ಅಪ್ಪ